ನಾಲ್ಕನೆಯ ದಾನ ಎಲ್ಲಿ ಹೋಯಿತು?

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಈ ನಾಲ್ಕು ದಾನಗಳ ಹೆಸರನ್ನು ಕನ್ನಡನಾಡಿನ ಬಸದಿಗಳ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಮೊದಲ ಮೂರನ್ನು ನಾವು ಇಂದಿಗೂ ಬಿಟ್ಟಿಲ್ಲ. ಅನ್ನದಾನಕ್ಕೆ ಕೊರತೆಯಿಲ್ಲ, ಗೋಶಾಲೆಗಳಿಗೆ ಕೊರತೆಯಿಲ್ಲ, ಆಸ್ಪತ್ರೆಗಳಿಗೂ ದಾನಿಗಳು ದೊರೆಯುತ್ತಾರೆ. ನಾಲ್ಕನೆಯದು ಮಾತ್ರ ಪ್ರವಚನದಲ್ಲಿ ಉಳಿದು ಬದುಕಿನಿಂದ ಜಾರಿಹೋಗಿದೆ. ಪ್ರವಾಸ, ಉದ್ಯೋಗ, ಸಂಸ್ಕೃತಿಗಳ ವಿಷಯದಲ್ಲಿ ಈ ವಾರ ಗಮನಕ್ಕೆ ಬಂದ ಮೆಚ್ಚುಗೆಗಳನ್ನೂ ತಕರಾರುಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಎಲ್ಲ ತಕರಾರುಗಳ ಬೇರು ಇದೊಂದೇ ಎಂದು ತೋರಿತು. ಬಂಧುಗಳು ಸಿಟ್ಟಾದರೂ ಚಿಂತೆಯಿಲ್ಲ, ಓದಿ ಸಿಟ್ಟಾಗಲಿ.

ಪ್ರವಾಸ

ಮೊದಲು ಮೆಚ್ಚುಗೆ. ತೆಲಂಗಾಣದ ಕರೀಂನಗರ ಜಿಲ್ಲೆಯ ಗಂಗಾಧರ ಮಂಡಲದಲ್ಲಿ ಕುರಿಕ್ಯಾಲ ಎಂಬ ಊರಿದೆ. ಅದರ ಸಮೀಪದ ಬೊಮ್ಮಲಗುಟ್ಟದ ಬಂಡೆಯಲ್ಲಿ ಚಕ್ರೇಶ್ವರಿಯನ್ನೂ ತೀರ್ಥಂಕರರನ್ನೂ ಕಡೆದಿದ್ದಾರೆ. ಅಲ್ಲಿಯೇ ಸಂಸ್ಕೃತ, ಕನ್ನಡ, ತೆಲುಗು ಈ ಮೂರೂ ಭಾಷೆಗಳಲ್ಲಿ ಬರೆಸಿದ ಶಾಸನವಿದೆ. ಬರೆಸಿದವನು ಜಿನವಲ್ಲಭ, 941ರಲ್ಲಿ 'ಆದಿಪುರಾಣ'ವನ್ನು ರಚಿಸಿದ ಪಂಪನ ಸ್ವಂತ ತಮ್ಮ. ಪಂಪನ ಮನೆತನದ ವಿವರ ಕಲ್ಲಿನ ಮೇಲೆ ದೊರೆಯುವುದು ಅಲ್ಲಿ. ತೆಲುಗು ವಿದ್ವಾಂಸರು ತಮ್ಮ ಭಾಷೆಯ ಅತ್ಯಂತ ಹಳೆಯ ಕಂದಪದ್ಯಗಳಿಗಾಗಿ ಆ ಬಂಡೆಯನ್ನು ಆದರಿಸುತ್ತಾರೆ. ಪಂಪನ ಆಶ್ರಯದಾತ ಅರಿಕೇಸರಿಯ ವೇಮುಲವಾಡವೂ ಅದೇ ಸೀಮೆಯಲ್ಲಿದೆ. ಹೈದರಾಬಾದಿನಿಂದ ಕರೀಂನಗರಕ್ಕೆ ಸುಮಾರು 160 ಕಿ.ಮೀ. ದಾರಿ. ಬೆಳಗ್ಗೆ ಹೊರಟವರು ನೋಡಿಕೊಂಡು ರಾತ್ರಿಗೆ ಮನೆ ಸೇರಬಹುದು.

ಈಗ ತಕರಾರು. ಹೈದರಾಬಾದಿನ ನಮ್ಮವರ ಬಸ್ಸುಗಳು ಸುಮಾರು 80 ಕಿ.ಮೀ. ದೂರದ ಕುಲ್ಪಾಕ್‌ಜಿಗೆ ಹೋಗುತ್ತವೆ, ದರ್ಶನ, ಊಟ, ಛಾಯಾಚಿತ್ರ ಮುಗಿಸಿ ಹಿಂದಿರುಗುತ್ತವೆ. ಹೋಗುವುದು ತಪ್ಪಲ್ಲ. ಆದರೆ ಆ ಕುಲ್ಪಾಕ್ ನಮ್ಮ ಶಾಸನಗಳ ಕೊಳನುಪಾಕ, ಕಲ್ಯಾಣ ಚಾಲುಕ್ಯರ ಕಾಲದ ದೊಡ್ಡ ಪಟ್ಟಣ, ಅಲ್ಲಿಯೂ ಕನ್ನಡ ಶಾಸನಗಳಿವೆ ಎಂಬುದನ್ನು ಬಸ್ಸಿನಲ್ಲಿ ಹೇಳುವವರು ಯಾರು? ಈ ವಾರ ಕಂಡ ಒಂದು ಯಾತ್ರಾಪತ್ರದಲ್ಲಿ 5 ದಿನಗಳಲ್ಲಿ 14 ಕ್ಷೇತ್ರಗಳ ದರ್ಶನವೆಂದು ಬರೆದಿತ್ತು. ಹವಾನಿಯಂತ್ರಿತ ಬಸ್ಸು, ಸೂರ್ಯಾಸ್ತಕ್ಕೆ ಮೊದಲು ಶುದ್ಧ ಭೋಜನ, ಪ್ರತಿಯೊಂದು ಕ್ಷೇತ್ರದಲ್ಲಿ ಸಾಮೂಹಿಕ ಛಾಯಾಚಿತ್ರ ಎಲ್ಲವೂ ಇತ್ತು. ಕ್ಷೇತ್ರಗಳ ಇತಿಹಾಸದ ಬಗೆಗೆ ಒಂದು ಸಾಲೂ ಇರಲಿಲ್ಲ. ಸಮ್ಮೇದಶಿಖರ್ಜಿಯನ್ನು ಪ್ರವಾಸೋದ್ಯಮದ ತಾಣವಾಗಿಸಬಾರದೆಂದು ನಾವು ಬೀದಿಗಿಳಿದೆವು. 2023ರ ಜನವರಿಯಲ್ಲಿ ಕೇಂದ್ರ ಸರಕಾರ ಆ ಅವಕಾಶವನ್ನು ತಡೆಹಿಡಿಯಿತು. ಆ ಹೋರಾಟ ನ್ಯಾಯವಾದದ್ದು. ಆದರೆ ಸರಕಾರ ಮಾಡಬಾರದೆಂದು ನಾವು ಹೇಳಿದ್ದನ್ನೇ ನಮ್ಮ ಬಸ್ಸುಗಳು ಪ್ರತಿ ರಜೆಯಲ್ಲಿ ಮಾಡುತ್ತಿಲ್ಲವೇ? ತೀರ್ಥವನ್ನು ತಾಣವಾಗಿಸುವುದಕ್ಕೆ ಅಧಿಸೂಚನೆಯೇ ಬೇಕೆಂದಿಲ್ಲ, ಅಜ್ಞಾನವೂ ಸಾಕು.

ಉದ್ಯೋಗ

ಇಲ್ಲಿಯ ಮೆಚ್ಚುಗೆ ರನ್ನನಿಗೆ. ಮುದುವೊಳಲಿನ ಬಳೆಗಾರರ ಮನೆಯ ಹುಡುಗ. ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಓದಬೇಕೆಂದು ಊರು ಬಿಟ್ಟು ಚಾವುಂಡರಾಯನ ಆಶ್ರಯಕ್ಕೆ ಹೋದ. ಮುಂದೆ ಅವನಿಂದ 993ರಲ್ಲಿ 'ಅಜಿತಪುರಾಣ'ವನ್ನು ಬರೆಸಿದವಳು ಅತ್ತಿಮಬ್ಬೆ. ಗಂಡ ಯುದ್ಧದಲ್ಲಿ ಮಡಿದಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕಿ ಉಳಿದು ಮಗನನ್ನು ಬೆಳೆಸಿದಳು, ಪೊನ್ನನ 'ಶಾಂತಿಪುರಾಣ'ದ 1000 ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ರನ್ನ ತನ್ನ ಮಗಳಿಗೆ ಆಕೆಯ ಹೆಸರನ್ನೇ ಇಟ್ಟ. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಇಬ್ಬರಿಗಿಂತ ಹತ್ತಿರದ ಹಿರಿಯರಿಲ್ಲ.

ತಕರಾರು ನಮ್ಮ ವಧೂವರರ ಪರಿಚಯಪತ್ರಗಳ ಬಗೆಗೆ. ಹುಡುಗಿ ಎಂಜಿನಿಯರ್, ಹುಡುಗಿ ಸಿ.ಎ., ಹುಡುಗಿ ಎಂ.ಡಿ. ಎಂದು ತಂದೆತಾಯಿಗಳು ಹೆಮ್ಮೆಯಿಂದ ಬರೆಯುತ್ತಾರೆ. ಗಂಡಿನ ಕಡೆಯವರು "ವಿದ್ಯಾವಂತೆ, ಗೃಹಕೃತ್ಯದಲ್ಲಿ ನಿಪುಣೆ" ಬೇಕೆಂದು ಬರೆಯುತ್ತಾರೆ. ಉದ್ಯೋಗದ ಮಾತು ಬಂದರೆ "ಮದುವೆಯಾದ ಮೇಲೆ ನೋಡೋಣ" ಎನ್ನುತ್ತಾರೆ. ಆ ನೋಟದ ಫಲ ಏನೆಂಬುದನ್ನು 2001ರ ಜನಗಣತಿ ಹೇಳಿಬಿಟ್ಟಿತ್ತು. ಭಾರತದ ಎಲ್ಲ ಧರ್ಮಗಳ ಮಹಿಳೆಯರಲ್ಲಿ ಅತಿ ಹೆಚ್ಚು ಸಾಕ್ಷರರು ಜೈನ ಮಹಿಳೆಯರು, ಶೇ. 90.6. ದುಡಿಮೆಯಲ್ಲಿ ಪಾಲ್ಗೊಂಡವರಲ್ಲಿ ಅತಿ ಕಡಿಮೆಯವರೂ ಜೈನ ಮಹಿಳೆಯರೇ, ಶೇ. 9.2. ಓದಿಸಿದ್ದು ನಾವೇ, ಕೂರಿಸಿದ್ದೂ ನಾವೇ. ಹೆಣ್ಣುಮಕ್ಕಳ ವಿದ್ಯೆಯನ್ನು ಮದುವೆಯ ಒಡವೆಗಳ ಜೊತೆಗೆ ತೂಗಿ, ಅನಂತರ ಅದೇ ಕಪಾಟಿನಲ್ಲಿ ಬೀಗ ಹಾಕಿ ಇಡುವುದಕ್ಕೆ ವಿದ್ಯಾಭಿಮಾನವೆಂಬ ಹೆಸರು ಸಲ್ಲದು.

ಹಿರಿಯರು ಹೇಳುವ ಕಾರಣ ಗೊತ್ತಿದೆ: ಹೊರಗೆ ದುಡಿದರೆ ಆಹಾರನಿಯಮ ಕೆಡುತ್ತದೆ, ರಾತ್ರಿಭೋಜನ ತಪ್ಪುವುದಿಲ್ಲ. ಪುಣೆಯ ಕಂಪನಿಯಲ್ಲಿ ರಾತ್ರಿ 10ಕ್ಕೆ ಉಣ್ಣುವ ಮಗನಿಗೆ ಈ ಮಾತನ್ನು ಯಾರಾದರೂ ಹೇಳಿದ್ದುಂಟೇ? ಅಣುವ್ರತಗಳಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ಎಂಬ ಪಟ್ಟಿಯಿಲ್ಲ. ನಿಯಮ ಪಾಲಿಸುವವರಿಗೆ ಡಬ್ಬಿ ಸಾಕು, ಮನೆಯ ಬಾಗಿಲು ಹಾಕಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಮುಂಬಯಿಯ ಸೇಠ್ ಮಾಣಿಕಚಂದರ ಮಗಳು ಮಗನಬಾಯಿ, ವಿಧವೆಯಾದ ಮೇಲೆ ಶಾಸ್ತ್ರ ಓದಿ, ಶ್ರಾವಿಕಾಶ್ರಮವನ್ನು ನಡೆಸಿ ಇತರ ಹೆಣ್ಣುಮಕ್ಕಳಿಗೆ ವಿದ್ಯೆ ಕೊಟ್ಟರು. ಅದೇ ಮುಂಬಯಿಯಲ್ಲಿ ಇಂದು ಸೊಸೆಯ ಉದ್ಯೋಗಕ್ಕೆ ಅತ್ತೆಯ ಅಪ್ಪಣೆ ಬೇಕು ಎನ್ನುವವರು ಯಾವ ಪರಂಪರೆಯನ್ನು ಉಳಿಸುತ್ತಿದ್ದಾರೆ?

ಸಂಸ್ಕೃತಿ

ಮೆಚ್ಚುಗೆ ರತ್ನಾಕರವರ್ಣಿಗೆ. 16ನೆಯ ಶತಮಾನದ ಮೂಡುಬಿದಿರೆಯ ಕವಿ, 'ಭರತೇಶವೈಭವ'ದ ಕರ್ತೃ. ಹತ್ತು ಸಾವಿರದಷ್ಟು ಸಾಂಗತ್ಯಪದ್ಯಗಳು. ಹಾಡಿಕೊಳ್ಳಲು ಸುಲಭ, ಅರ್ಥವಾಗಲು ಪಂಡಿತರೇ ಬೇಕೆಂದಿಲ್ಲ. ಸಂಸಾರದ ನಡುವೆ ಇದ್ದುಕೊಂಡೇ ಅಂಟದೆ ಬದುಕುವ ಚಕ್ರವರ್ತಿಯ ಕಥೆ. ಸಂಬಳ, ಸಾಲ, ಸಂಸಾರಗಳ ನಡುವೆ ಇರುವ ನಮಗೆ ಇದಕ್ಕಿಂತ ಹೊಂದುವ ಕಾವ್ಯ ಬೇರೆ ಯಾವುದು? ವಾರಕ್ಕೆ ಒಂದು ಸಂಜೆ, ಮನೆಯವರು ಕೂತು ಇಪ್ಪತ್ತು ಪದ್ಯ ಓದಿದರೆ ಸಾಕು.

ತಕರಾರು ನಮ್ಮ ಪಾಠಶಾಲೆಗಳ ಬಗೆಗೆ. ದೆಹಲಿ, ಮುಂಬಯಿ, ಪುಣೆಗಳಲ್ಲಿ ನಮ್ಮ ಮಕ್ಕಳು 'ಛಹಢಾಲಾ'ವನ್ನು ಹಿಂದಿಯಲ್ಲಿ ಬಾಯಿಪಾಠ ಮಾಡುತ್ತಾರೆ. ಅದು ಒಳ್ಳೆಯ ಗ್ರಂಥವೇ, ಕಲಿಯಲಿ. ಆದರೆ ಪಂಪ, ಪೊನ್ನ, ರನ್ನ, ಜನ್ನರ ಕುಲದ ಮಗುವಿಗೆ ತನ್ನ ಧರ್ಮ ಕನ್ನಡದಲ್ಲಿಯೂ ಇದೆಯೆಂಬ ಸುದ್ದಿಯೇ ತಿಳಿಯದಿದ್ದರೆ ಅದು ಯಾರ ತಪ್ಪು? "ಧರ್ಮಕ್ಕೆ ಭಾಷೆಯ ಹಂಗೇಕೆ" ಎನ್ನುತ್ತಾರೆ ಕೆಲವರು. ಭಗವಾನ್ ಮಹಾವೀರರ ಉಪದೇಶ ಜನರ ಪ್ರಾಕೃತದಲ್ಲಿ ಉಳಿದು ಬಂದುದನ್ನು ಅವರು ನೆನೆಯಲಿ. ದಿಗಂಬರರ ಮೂಲಾಗಮವಾದ ಷಟ್ಖಂಡಾಗಮ ಧವಲಾ ಟೀಕೆಯೊಡನೆ ಉಳಿದದ್ದು ಮೂಡುಬಿದಿರೆಯ ತಾಳೆಗರಿಗಳ ಮೇಲೆ, ಪ್ರಾಕೃತ ಮತ್ತು ಸಂಸ್ಕೃತ ಭಾಷೆಯಾದರೂ ಹಳಗನ್ನಡದ ಅಕ್ಷರಗಳಲ್ಲಿ. ಆ ಅಕ್ಷರ ಓದಬಲ್ಲವರು ಪ್ರತಿ ಮಾಡಿಕೊಟ್ಟ ಕಾರಣದಿಂದಲೇ 1939ರಿಂದ ಅದು 16 ಸಂಪುಟಗಳಾಗಿ ಅಚ್ಚಾಗಿ ದೇಶವೆಲ್ಲ ತಲುಪಿತು. ಲಿಪಿ ಸತ್ತಿದ್ದರೆ ಆಗಮವೂ ಗರಿಗಳಲ್ಲಿಯೇ ಮುಚ್ಚಿಹೋಗುತ್ತಿತ್ತು.

ರಾಜಕೀಯದ ಮಾತೂ ಇಲ್ಲಿಯೇ ಬರುತ್ತದೆ. 2014ರ ಜನವರಿಯಲ್ಲಿ ಜೈನರು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಘೋಷಿತರಾದರು. ಸಂವಿಧಾನದ 30ನೆಯ ವಿಧಿ ವಿದ್ಯಾಸಂಸ್ಥೆಗಳನ್ನು ನಡೆಸುವ ಹಕ್ಕನ್ನು ಧಾರ್ಮಿಕ ಅಲ್ಪಸಂಖ್ಯಾತರಿಗೂ ಭಾಷಿಕ ಅಲ್ಪಸಂಖ್ಯಾತರಿಗೂ ಕೊಡುತ್ತದೆ. ಅದಕ್ಕೆ ಹಿಂದಿನ 29ನೆಯ ವಿಧಿ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಕಾಪಾಡಿಕೊಳ್ಳುವ ಹಕ್ಕನ್ನು ಕೊಡುತ್ತದೆ. ಹೊರನಾಡಿನ ಕನ್ನಡ ಜೈನರು ಎರಡೂ ಬಗೆಯಲ್ಲಿ ಅಲ್ಪಸಂಖ್ಯಾತರು. ಕಾಲೇಜಿನ ಸೀಟಿಗೆ ಪ್ರಮಾಣಪತ್ರ ತೆಗೆದುಕೊಳ್ಳಲು ಸಾಲಿನಲ್ಲಿ ನಿಲ್ಲುತ್ತೇವೆ. ಲಿಪಿಯನ್ನು ಕಾಪಾಡುವ ಹಕ್ಕು ಇದೆಯೆಂಬುದನ್ನು ಒಮ್ಮೆಯೂ ಬಳಸುವುದಿಲ್ಲ. ಚುನಾವಣೆಗೆ ಮುನ್ನ ನಮ್ಮ ಸಭೆಗೆ ಬರುವ ಉಮೇದುವಾರನಿಗೆ ಶಾಲು ಹೊದಿಸುತ್ತೇವೆ, ಆದರೆ ಕನ್ನಡ ತರಗತಿಗೆ ಒಂದು ಕೋಣೆ ಕೊಡಿಸೆಂದು ಕೇಳುವುದಿಲ್ಲ. ಕೇಳದವರಿಗೆ ಕೊಡುವ ರಾಜಕಾರಣಿ ಇನ್ನೂ ಹುಟ್ಟಿಲ್ಲ.

ಹಣವಿಲ್ಲ ಎಂಬ ಮಾತನ್ನು ದಯವಿಟ್ಟು ಯಾರೂ ಆಡಬಾರದು. ಕಲಶದ ಸವಾಲು ಲಕ್ಷಗಳಲ್ಲಿ ಏರುವುದನ್ನು ಎಲ್ಲರೂ ಕಂಡಿದ್ದೇವೆ. ಹಾಗೆ ಏರಿಸುವ ಭಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಅತ್ತಿಮಬ್ಬೆಯೂ 1500 ಜಿನಬಿಂಬಗಳನ್ನು ಮಾಡಿಸಿದವಳೇ. ಆದರೆ ಅವುಗಳ ಜೊತೆಗೆ 1000 ಪುಸ್ತಕಗಳನ್ನೂ ಕೊಟ್ಟಳು. ನಮ್ಮ ಸಮಾಜ ಬಿಂಬವನ್ನು ಉಳಿಸಿಕೊಂಡು ಪುಸ್ತಕವನ್ನು ಕೈಬಿಟ್ಟಿದೆ.

ಜ್ಯೇಷ್ಠ ಶುದ್ಧ ಪಂಚಮಿ, ಅಂದರೆ ಶ್ರುತಪಂಚಮಿ, ಷಟ್ಖಂಡಾಗಮ ಬರಹಕ್ಕಿಳಿದು ಪೂರ್ಣಗೊಂಡ ದಿನವೆಂದು ನಾವು ಆಚರಿಸುತ್ತೇವೆ. ಅಂದು ಗ್ರಂಥಗಳಿಗೆ ಅಷ್ಟದ್ರವ್ಯ ಅರ್ಪಿಸಿ ಮತ್ತೆ ಕಪಾಟಿಗೆ ಸೇರಿಸುವುದು ಸಾಕು. ಪ್ರತಿಯೊಂದು ಊರಿನ ಸಂಘ ಮುಂದಿನ ಶ್ರುತಪಂಚಮಿಯೊಳಗೆ ಮೂರು ಕೆಲಸಗಳನ್ನು ಮಾಡಲಿ. ವರ್ಷದ ಒಂದು ದಿನದ ಸವಾಲಿನ ಹಣವನ್ನು ಕನ್ನಡ ಪಾಠಶಾಲೆಗೂ ಹೆಣ್ಣುಮಕ್ಕಳ ಉನ್ನತ ವಿದ್ಯೆ, ವಸತಿಗಳಿಗೂ ಮೀಸಲಿಡಲಿ. ಪ್ರತಿ ಯಾತ್ರೆಯ ಬಸ್ಸಿನಲ್ಲಿ ಶಾಸನ ಓದಿ ಹೇಳಬಲ್ಲ ಒಬ್ಬರಿಗೆ ಪುಕ್ಕಟೆ ಸೀಟು ಇರಲಿ. ಪರಿಚಯಪತ್ರದಲ್ಲಿ ವಧುವಿನ ಉದ್ಯೋಗ ಮುಂದುವರಿಯಲು ತಮಗೆ ಒಪ್ಪಿಗೆಯಿದೆಯೇ ಎಂಬ ಪ್ರಶ್ನೆಗೆ ಗಂಡಿನ ಕಡೆಯವರು ಲಿಖಿತ ಉತ್ತರ ಕೊಡಲಿ. ಈ ಮೂರಕ್ಕೂ ಆಚಾರ್ಯರ ಅಪ್ಪಣೆ ಬೇಡ, ಸರಕಾರದ ಅನುದಾನ ಬೇಡ. ಸಂಘದ ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳುವ ಒಬ್ಬರು ಬೇಕು. ಆ ಒಬ್ಬರು ನೀವೇ ಆಗಿರಿ.