ರಾಜ ಹೋದ, ಅಡುಗೆಯವರ ಊರು ಉಳಿಯಿತು

ಪೋಲೆಂಡಿನ ನಕ್ಷೆಯನ್ನೊಮ್ಮೆ ಬಿಡಿಸಿ ನೋಡಿ, ಗೆಳೆಯರೇ. ಕುಖಾರಿ ಎಂಬ ಊರುಗಳಿವೆ, ಅಂದರೆ ಅಡುಗೆಯವರು. ಪ್ಸಾರಿ ಅಂದರೆ ಬೇಟೆನಾಯಿ ಸಾಕುವವರು. ಸೊಕೊಲ್ನಿಕಿ, ಬೇಟೆಯ ಗಿಡುಗ ಪಳಗಿಸುವವರು. ಶೆವ್ತ್ಸೆ, ಜೋಡು ಹೊಲಿಯುವವರು. ಸುಮಾರು ಸಾವಿರ ವರ್ಷದ ಹಿಂದೆ ಪಿಯಾಸ್ಟ್ ವಂಶದ ದೊರೆಗಳು ಕೋಟೆಗಳ ಸುತ್ತ ಒಂದೊಂದು ಊರಿನ ತಲೆಗೆ ಒಂದೊಂದು ಚಾಕರಿ ಕಟ್ಟಿದ್ದರು. ಚಾಕರಿ ಕಳಚಿತು. 1370ರಲ್ಲಿ ಆ ವಂಶದ ಕೊನೆಯ ರಾಜನೂ ಸತ್ತ. ಅಡುಗೆಯವರ ಊರಿನ ಹೆಸರು ಮಾತ್ರ ಇಂದಿಗೂ ನಿಂತಿದೆ!

ಗಡಿ ದಾಟಿ ಉಕ್ರೇನಿಗೆ ಬನ್ನಿ. ಎರಡೂ ಕಡೆ ಬೋರ್ತ್ನಿಕಿ ಎಂಬ ಊರುಗಳಿವೆ. ಮರದ ಪೊಟರೆಯಲ್ಲಿ ಜೇನು ಸಾಕಿದವರ ಊರು. ಹೆಸರು ಒಂದೇ, ಲಿಪಿ ಬೇರೆ. ಶೆವ್ತ್ಸೆಯ 'ಶ' ಬರೆಯಲು ಪೋಲೆಂಡಿನವರು ಎರಡು ಲ್ಯಾಟಿನ್ ಅಕ್ಷರ ಜೋಡಿಸಬೇಕು. ಉಕ್ರೇನಿನ ಸಿರಿಲಿಕ್‌ನಲ್ಲಿ ಒಂದೇ ಸಾಕು. ಯಾಕೆ? ಆ ಲಿಪಿ ಸ್ಲಾವರ ಬಾಯಿಯ ಅಳತೆಗೆ ಹೊಲಿದದ್ದು.

ಅದೇನೂ ಸುಲಭಕ್ಕೆ ಸಿಕ್ಕಿದ್ದಲ್ಲ. ದೇವರ ಪೂಜೆಗೆ ಹೀಬ್ರೂ, ಗ್ರೀಕ್, ಲ್ಯಾಟಿನ್ ಮೂರೇ ಯೋಗ್ಯ ಎಂದು ಪಾದ್ರಿಗಳು ವಾದಿಸುತ್ತಿದ್ದ ಕಾಲ. ಸಿರಿಲ್, ಮೆಥೋಡಿಯಸ್ ಎಂಬ ಅಣ್ಣತಮ್ಮಂದಿರು ಸ್ಲಾವ್ ನುಡಿಗೆ ಗ್ಲಾಗೊಲಿಟಿಕ್ ಎಂಬ ಲಿಪಿ ಕಟ್ಟಿಕೊಂಡು 863ರಲ್ಲಿ ಮೊರಾವಿಯಾಕ್ಕೆ ಹೊರಟರು. 885ರಲ್ಲಿ ಮೆಥೋಡಿಯಸ್ ತೀರಿಕೊಂಡದ್ದೇ ತಡ, ಶಿಷ್ಯರನ್ನು ಅಲ್ಲಿಂದ ಓಡಿಸಿದರು. ಬಲ್ಗೇರಿಯಾದ ದೊರೆ ಬೋರಿಸ್ ಆಶ್ರಯ ಕೊಟ್ಟ. ಗ್ರೀಕ್ ಅಕ್ಷರಗಳ ಜೊತೆಗೆ ಸ್ಲಾವ್ ದನಿಗಳಿಗೆ ಹೊಸ ಅಕ್ಷರ ಸೇರಿ ಅಲ್ಲೇ ಸಿರಿಲಿಕ್ ಹುಟ್ಟಿತು. ಗುರುವಿನ ಹೆಸರೇ ಅದಕ್ಕೆ ನಿಂತಿತು.

ಹಾಗಾದರೆ ಲಿಪಿಯೊಂದಿದ್ದರೆ ಸಾಕೇ? ಸಾಲದು! ಉಕ್ರೇನಿನ ಕವಿ ತರಾಸ್ ಶೆವ್‌ಚೆಂಕೊ ಜೀತದ ಮನೆಯಲ್ಲಿ ಹುಟ್ಟಿದವನು. ಅವನ ಮನೆತನದ ಹೆಸರಿನಲ್ಲೂ ಅದೇ ಜೋಡು ಹೊಲಿಯುವವನಿದ್ದಾನೆ. ಆ ಕವಿಯ ನುಡಿಯಲ್ಲಿ ನಾಟಕ ಆಡಬಾರದು, ಬಹುಪಾಲು ಪುಸ್ತಕ ಅಚ್ಚಾಗಬಾರದು ಎಂದು 1876ರಲ್ಲಿ ರಷ್ಯಾದ ಚಕ್ರವರ್ತಿ ಅಪ್ಪಣೆ ಹೊರಡಿಸಿದ. ಕಥೆ ಕವಿತೆಗೆ ಅವಕಾಶ ಬಿಟ್ಟ, ಆದರೆ ಕಾಗುಣಿತ ರಷ್ಯನ್ನರದ್ದೇ ಆಗಬೇಕಂತೆ! ಲಿಪಿ ಇಬ್ಬರದೂ ಸಿರಿಲಿಕ್ಕೇ. ಕತ್ತು ಹಿಸುಕಿದ್ದು ನುಡಿಯದು.

ಇನ್ನೊಂದು ಕಥೆ ಕೇಳಿ. 2007ರಲ್ಲಿ ಐರೋಪ್ಯ ಒಕ್ಕೂಟ ಸೇರಿದ ಪುಟ್ಟ ಬಲ್ಗೇರಿಯಾ, 'ನಿಮ್ಮ ಯೂರೋ ನಮ್ಮ ಬಾಯಲ್ಲಿ ಎವ್ರೊ, ನಮ್ಮ ಲಿಪಿಯಲ್ಲಿ ಹಾಗೇ ಬರೆಯುತ್ತೇವೆ' ಎಂದು ಪಟ್ಟು ಹಿಡಿಯಿತು. ದೊಡ್ಡವರು ಮುಖ ಸಿಂಡರಿಸಿದರು. ಬಲ್ಗೇರಿಯಾ ಜಗ್ಗಲಿಲ್ಲ. ಅದೇ ವರ್ಷ ಒಕ್ಕೂಟ ಒಪ್ಪಿತು. 2013ರಿಂದ ಬಂದ ಹೊಸ ನೋಟುಗಳ ಮೇಲೆ 'ಎವ್ರೊ' ಸಿರಿಲಿಕ್‌ನಲ್ಲೇ ಅಚ್ಚಾಗಿದೆ.

ಅಡುಗೆಯವರು, ಜೇನಿನವರು ತಮ್ಮ ಊರನ್ನು ದಿನವೂ ಬಾಯ್ತುಂಬ ಕರೆದರು, ಹೆಸರು ಉಳಿಯಿತು. ಬಾಯಲ್ಲಿದ್ದದ್ದನ್ನು ನೋಟಿನ ಮೇಲೂ ಬರೆಸಿಯೇ ತೀರುತ್ತೇವೆ ಎಂದು ಬಲ್ಗೇರಿಯನ್ನರು ಹಟ ಹಿಡಿದರು, ಅಕ್ಷರ ಉಳಿಯಿತು. ಇವೆರಡರಲ್ಲಿ ಯಾವುದನ್ನೂ ಯಾವ ದೊರೆಯೂ ದಾನ ಕೊಡಲಿಲ್ಲ.