ಬಣ್ಣ ಬಳಿಯುವ ಮುನ್ನ

ತುಂಗೆಯ ನೀರು ಕುಡಿದು ಬೆಳೆದ ಶಿವಮೊಗ್ಗದ ಆಲ್ಕೊಳಕ್ಕೂ ಕಡಲ ತೆರೆಗೂ ನಂಟೇನು? ನಡುವೆ ಸಹ್ಯಾದ್ರಿಯೇ ನಿಂತಿದೆ. ಆದರೂ ಅಲ್ಲಿಯ ಮನೆಯೊಂದರ ಜಗುಲಿಯ ಮೇಲೆ ಆಳುದ್ದಕ್ಕೆ ಮಿಗಿಲಾದ ಸರ್ಫ್‌ಬೋರ್ಡೊಂದು ಬಂದು ಮಲಗಿತು. 2004ರಿಂದ ತೆರೆಯಾಟಕ್ಕೆ ಹೆಸರಾದ ಮೂಲ್ಕಿಯಲ್ಲಿ ಮಗ ಕೊಂಡುತಂದ ಹಳೆಯ ಹಲಗೆ ಅದು.

"ಒಂದು ಕೈ ಬಣ್ಣ ಹೊಡೆದರೆ ಹೊಸದೇ ಆಗುತ್ತದೆ, ಅಪ್ಪ."

ತಂದೆ ಅಂಚನ್ನು ತಡವಿ, ಕೂದಲೆಳೆಯಂಥ ಬಿರುಕೊಂದನ್ನು ತೋರಿಸಿದರು. "ಇದರ ಗತಿಯೇನೋ?"

"ಬಣ್ಣದಲ್ಲಿ ಮುಚ್ಚಿಹೋಗುತ್ತದೆ."

ಮುಚ್ಚಿಹೋಗುವುದೇ ಅಪಾಯ. ಹಲಗೆಯ ಒಡಲು ಹಗುರವಾದ ಫೋಮು. ಅದನ್ನು ಕಾಯುವುದು ಗಾಜಿನ ನಾರು ಮತ್ತು ರಾಳದ ತೆಳುಹೊದಿಕೆ. ಬಿರುಕಿನಿಂದ ನೀರು ಹೊಕ್ಕರೆ ಹಲಗೆ ಭಾರವಾಗುತ್ತದೆ, ಹೊದಿಕೆ ಒಳಗಿಂದೊಳಗೇ ಬಿಡುತ್ತದೆ. ತೆರೆಗಳ ನಡುವೆ ಅದು ಮುರಿದರೆ ಏರಿದವನಿಗೆ ಆಸರೆ ಯಾವುದು?

ಆದುದರಿಂದ ಮೊದಲು ಹಳೆಯ ಮೇಣವನ್ನು ಎಳೆಬಿಸಿಲಿನಲ್ಲಿ ಮೆದುವಾಗಿಸಿ ಕೆರೆದು ತೆಗೆಯಬೇಕು. ಒಳಗಿನ ತೇವ ಆರುವವರೆಗೆ ದಿನಗಟ್ಟಲೆ ನೆರಳಿನಲ್ಲಿಟ್ಟು, ಬಳಿಕ ಬಿರುಕಿಗೆ ರಾಳ ತುಂಬಬೇಕು. ಒಡಲು ಥರ್ಮಕೋಲಿನ ಜಾತಿಯದಾದರೆ ಎಪಾಕ್ಸಿಯೇ ಆಗಬೇಕು; ಪಾಲಿಯೆಸ್ಟರ್ ರಾಳ ಅದನ್ನು ಕರಗಿಸಿಬಿಡುತ್ತದೆ. ಅನಂತರ ವಾಟರ್‌ಪೇಪರಿನಿಂದ ಉಜ್ಜಿ ಹೊಳಪು ಮುರಿದು, ಆಕ್ರಿಲಿಕ್ ಬಣ್ಣವನ್ನು ತೆಳುವಾಗಿ ಎರಡು ಸಲ ಬಳಿಯಬೇಕು. ಕಡುಬಣ್ಣ ಸಲ್ಲದು, ಬಿಸಿಲನ್ನು ಹೀರಿ ಹೊದಿಕೆ ಉಬ್ಬೀತು.

ಅವಸರದ ಮಗ ಎರಡು ವಾರ ಕಾದ. ಕೊನೆಗೆ ಹಲಗೆಗೆ ತಿಳಿನೀಲಿ ಬಂದಿತು. ಬಿರುಕಿಗೆ ತೇಪೆಯಿಟ್ಟ ಅಂಗೈಯಗಲದ ಜಾಗವೊಂದು ಮಾತ್ರ ಬಣ್ಣವಿಲ್ಲದೆ ಉಳಿದಿತ್ತು.

"ಇಲ್ಲೇಕೆ ಬಿಟ್ಟೆಯೋ?" ಎಂದರು ತಂದೆ.

"ಮತ್ತೆ ಬಿರಿದರೆ ಕಣ್ಣಿಗೆ ಕಾಣಲಿ, ಅಪ್ಪ."