ಎದೆಯುರಿಗೆ ಎಡ ಮಗ್ಗುಲು

ಎದೆ ಉರಿಯುತ್ತಿದೆ ಎಂದರೆ ಸಾಕು, ನಮ್ಮ ಯಾವ ಮನೆಯಲ್ಲೂ ಒಂದು ಲೋಟ ಎದುರಿಗೆ ಬರುತ್ತದೆ. ಮಲೆನಾಡಾದರೆ ಒಂದೆಲಗದ ತಂಬುಳಿ, ಕರಾವಳಿಯಾದರೆ ಪುನರ್ಪುಳಿ ಶರಬತ್ತು, ಬಯಲುಸೀಮೆಯಲ್ಲಿ ನೀರು ಮಜ್ಜಿಗೆ, ಬೆಂಗಳೂರಿನ ಫ್ಲ್ಯಾಟಿನಲ್ಲಿ ಫ್ರಿಜ್ಜಿನ ತಣ್ಣನೆ ಹಾಲು. ಏನು ಕುಡಿಯಬೇಕೆಂದು ಹೇಳಲು ಹತ್ತು ಜನ ಸಿಗುತ್ತಾರೆ. ಹೇಗೆ ಮಲಗಬೇಕೆಂದು ಹೇಳುವವರು ಈಗ ಕಡಿಮೆ.

ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂದು 1824ರಲ್ಲೇ ಲಂಡನ್ನಿನ ವಿಲಿಯಂ ಪ್ರೌಟ್ ತೋರಿಸಿಕೊಟ್ಟಿದ್ದ. ಅದನ್ನು ತಾಳಿಕೊಳ್ಳುವ ಒಳಪದರ ಜಠರಕ್ಕಿದೆ, ಅನ್ನನಾಳಕ್ಕಿಲ್ಲ. ಎರಡೂ ಕೂಡುವಲ್ಲಿ ಬಿಗಿಯಾಗಿ ಮುಚ್ಚಿರಬೇಕಾದ ಸ್ನಾಯು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲಾದರೆ ಹುಳಿ ಮೇಲೇರುತ್ತದೆ. ಎಷ್ಟೋ ಜನರಲ್ಲಿ ಆಮ್ಲ ಹೆಚ್ಚಾಗಿರುವುದೇ ಇಲ್ಲ, ಇರಬಾರದ ಜಾಗಕ್ಕೆ ಬಂದಿರುತ್ತದೆ, ಅಷ್ಟೆ. ಇದನ್ನು ಒಪ್ಪಿಕೊಂಡರೆ ಲೋಟದ ಮದ್ದುಗಳನ್ನು ನೋಡುವ ಬಗೆಯೇ ಬೇರೆಯಾಗುತ್ತದೆ.

ಹಾಲನ್ನೇ ನೋಡಿ. ಷಿಕಾಗೋದ ಬರ್ಟ್ರಂ ಸಿಪ್ಪಿ ಎಂಬ ವೈದ್ಯ 1915ರಲ್ಲಿ ಹೊಟ್ಟೆಹುಣ್ಣಿನವರಿಗೆ ಗಂಟೆಗೊಮ್ಮೆ ಹಾಲು, ಕೆನೆ, ಜೊತೆಗೆ ಕ್ಷಾರದ ಪುಡಿ ಕೊಡುವ ಪಥ್ಯ ಬರೆದ. ದಶಕಗಳ ಕಾಲ ಆಸ್ಪತ್ರೆಗಳು ಅದನ್ನು ಶ್ರದ್ಧೆಯಿಂದ ಪಾಲಿಸಿದವು. ಹಾಲು ಇಳಿದ ಗಳಿಗೆಯಲ್ಲಿ ಉರಿ ತಣಿಯುವುದು ನಿಜ. ಆದರೆ ಅದರ ಪ್ರೋಟೀನೂ ಕ್ಯಾಲ್ಸಿಯಮ್ಮೂ ಜಠರಕ್ಕೆ ಮತ್ತಷ್ಟು ಆಮ್ಲ ಸುರಿಸಲು ಹೇಳುತ್ತವೆಂದು ಆಮೇಲೆ ಗೊತ್ತಾಯಿತು. ಗಟ್ಟಿ ಕೆನೆಹಾಲಾದರೆ ಜಿಡ್ಡಿನ ಕಾಟ ಬೇರೆ. ಅದಕ್ಕೆ ಹೋಲಿಸಿದರೆ ನೀರು ಮಜ್ಜಿಗೆಯೇ ವಾಸಿ. ಜೀರಿಗೆಯ ಕಷಾಯಕ್ಕೆ ಗಟ್ಟಿ ಪುರಾವೆ ಹೆಚ್ಚಿಲ್ಲ, ಅಪಾಯವೂ ಹೆಚ್ಚಿಲ್ಲ. ಕುಡಿದು ಹಿತವೆನಿಸಿದರೆ ನನ್ನ ತಕರಾರಿಲ್ಲ.

ಅಡುಗೆ ಸೋಡಾದ ಮಾತು ಹಾಗಲ್ಲ. ಅದು ಆಮ್ಲವನ್ನು ಕ್ಷಣದಲ್ಲಿ ತಟಸ್ಥಗೊಳಿಸುತ್ತದೆ, ಸಂಶಯವಿಲ್ಲ. ಆದರೆ ಅರ್ಧ ಟೀ ಚಮಚದಲ್ಲಿ 600 ಮಿಲಿಗ್ರಾಂಗಳಷ್ಟು ಸೋಡಿಯಂ ಇದೆ. ಇಡೀ ದಿನಕ್ಕೆ 2,000 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಪಿ ಇರುವವರು ದಿನಾ ಇದನ್ನು ಕದಡಿ ಕುಡಿದರೆ ಉಪ್ಪಿನಕಾಯಿ ಬಿಟ್ಟಿದ್ದೂ ವ್ಯರ್ಥ. ಜ್ಯೇಷ್ಠಮಧುವೂ ಸಾಧುವಲ್ಲ. ಅದರ ಸತ್ವದಿಂದ ತಯಾರಿಸಿದ ಕಾರ್ಬೆನಾಕ್ಸೊಲೋನನ್ನು 1960ರ ದಶಕದಲ್ಲಿ ಬ್ರಿಟನ್ನಿನ ವೈದ್ಯರು ಜಠರದ ಹುಣ್ಣಿಗೆ ಕೊಟ್ಟರು. ಹುಣ್ಣು ಮಾಯಿತು, ಮೈಯಲ್ಲಿ ನೀರು ತುಂಬಿಕೊಂಡು ರಕ್ತದೊತ್ತಡ ಏರಿತು. ಗಿಡದಿಂದ ಬಂದದ್ದೆಲ್ಲ ನಿರಪಾಯ ಎನ್ನುವವರಿಗೆ ನಾನು ಈ ಕಥೆ ಹೇಳುತ್ತಿರುತ್ತೇನೆ. ಇನ್ನು ಪುದೀನ: ತಂಪೆಂದು ನಂಬಿರುವ ಈ ಸೊಪ್ಪು ಆ ಬಾಗಿಲ ಸ್ನಾಯುವನ್ನು ಸಡಿಲಿಸುವುದರಿಂದ ಕೆಲವರಿಗೆ ಉರಿ ಹೆಚ್ಚೇ ಆಗುತ್ತದೆ.

ಈಗ ಮಲಗುವ ವಿಚಾರ. ಉಂಡಮೇಲೆ ಒಂದಿಷ್ಟು ಅಡ್ಡಾಡಿ, ಬಲ ಭುಜ ಮೇಲಾಗುವಂತೆ ಮಲಗಲು ಹೇಳುವ ತ್ರಿಪದಿಯೊಂದು ಸರ್ವಜ್ಞನ ಹೆಸರಿನಲ್ಲಿ ನಮ್ಮಲ್ಲಿ ಪ್ರಚಲಿತವಿದೆ. ಹಳಬರ ವಾಮಕುಕ್ಷಿಯೂ ಇದೇ. ಅಂಗರಚನೆ ನೋಡಿದರೆ ಈ ಬುದ್ಧಿವಾದದ ಮರ್ಮ ತಿಳಿಯುತ್ತದೆ. ಜಠರದ ದೊಡ್ಡ ಉಬ್ಬು ಎಡಕ್ಕಿದೆ, ಅನ್ನನಾಳ ಬಂದು ಸೇರುವುದು ಅದರ ಬಲ ಅಂಚಿಗೆ. ಎಡ ಮಗ್ಗುಲಾದರೆ ಆಮ್ಲ ಕೆಳಗಿನ ಉಬ್ಬಿನಲ್ಲಿ ನಿಲ್ಲುತ್ತದೆ, ಬಾಗಿಲು ಮಟ್ಟದಿಂದ ಮೇಲಿರುತ್ತದೆ. ಬಲ ಮಗ್ಗುಲಾದರೆ ಬಾಗಿಲೇ ಮುಳುಗುತ್ತದೆ. ನಿದ್ದೆಯಲ್ಲಿರುವವರ ಅನ್ನನಾಳದಲ್ಲಿ ಆಮ್ಲವನ್ನು ಅಳೆದ ಆಮ್‌ಸ್ಟರ್‌ಡಾಮಿನ ವೈದ್ಯರು, ಎಡ ಮಗ್ಗುಲಲ್ಲಿ ಅದು ಬೇಗ ಇಳಿದುಹೋಗುವುದನ್ನು 2022ರಲ್ಲಿ ಪ್ರಕಟಿಸಿದರು. ಸರ್ವಜ್ಞನಿಗೆ ಅವರ ಪ್ರಮಾಣಪತ್ರ ಬೇಕಿರಲಿಲ್ಲ, ನಮಗೆ ಬೇಕಿತ್ತೇನೋ.

ರಾತ್ರಿ ಉರಿಯಿಂದ ಏಳುವವರು ಮಂಚದ ತಲೆಕಡೆಯ ಕಾಲುಗಳಿಗೆ ಆರೆಂಟು ಅಂಗುಲ ಎತ್ತರಕ್ಕೆ ಇಟ್ಟಿಗೆ ಇಟ್ಟು ನೋಡಬಹುದು. ಎರಡು ದಿಂಬು ಪೇರಿಸಿದರೆ ಪ್ರಯೋಜನವಿಲ್ಲ, ನಡು ಬಾಗಿ ಹೊಟ್ಟೆಗೆ ಒತ್ತು ಬೀಳುತ್ತದೆ. ಊಟಕ್ಕೂ ಹಾಸಿಗೆಗೂ ನಡುವೆ ಎರಡು ಮೂರು ಗಂಟೆ ಬಿಡಬೇಕು. ಜೈನರು ಸೂರ್ಯ ಮುಳುಗುವ ಮುಂಚೆ ಉಣ್ಣುವುದು ಅಹಿಂಸೆಗಾಗಿ, ಆದರೂ ಅನ್ನನಾಳಕ್ಕೆ ಅದರಿಂದ ಉಪಕಾರವೇ ಆಗಿದೆ. ರಾತ್ರಿ ಹತ್ತೂವರೆಗೆ ಆರತಕ್ಷತೆಯ ಊಟ ಮುಗಿಸಿ, ಬೀಡಾ ಅಗಿಯುತ್ತ ಕಾರು ಹತ್ತಿ, ಹನ್ನೊಂದೂವರೆಗೆ ಹಾಸಿಗೆಗೆ ಬೀಳುವ ನಮ್ಮ ಪದ್ಧತಿಗೆ ಯಾವ ತಂಬುಳಿಯೂ ಸಾಲದು.

ವಾರಕ್ಕೆರಡು ಮೂರು ಸಲ ಉರಿ ಬರುತ್ತಿದ್ದರೆ, ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ, ಮಲ ಕಪ್ಪಾಗಿದ್ದರೆ, ತೂಕ ಇಳಿಯುತ್ತಿದ್ದರೆ ಮನೆಮದ್ದು ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಎಲ್ಲಕ್ಕಿಂತ ದುಬಾರಿ ಎಂದರೆ “ಗ್ಯಾಸ್ಟ್ರಿಕ್ ಇರಬೇಕು ಬಿಡ್ರಿ” ಎನ್ನುವ ಮಾತು. ಹೃದಯಾಘಾತವೂ ಎಷ್ಟೋ ಸಲ ಹೊಟ್ಟೆಯ ಮೇಲ್ಭಾಗದ ಉರಿಯಂತೆ ಶುರುವಾಗುತ್ತದೆ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ. ಉರಿಯ ಜೊತೆ ತಣ್ಣನೆ ಬೆವರು, ದವಡೆಗೋ ತೋಳಿಗೋ ಹರಿಯುವ ನೋವು, ಏದುಸಿರು ಕಂಡರೆ ಸೋಡಾ ಹುಡುಕುತ್ತ ಕೂರದೆ, ಗಾಡಿ ತಾವೇ ಓಡಿಸಿಕೊಂಡೂ ಹೋಗದೆ, 108ಕ್ಕೆ ಫೋನು ಮಾಡಬೇಕು. ಇಸಿಜಿ ತೆಗೆಯಲು ಐದು ನಿಮಿಷ ಸಾಕು.